ಕೈಗೆ ಹೊಡೀರಿ ಎಂದವನು

ಅವನ ಕೈಗೆ ಒಂದು ಗೀರೂ ಬೀಳಬಾರದು ಎಂದು ಸಾಹೇಬರು ಹೇಳಿದ್ದರು. ಆ ಮಾತನ್ನು ನಾವು ಪಾಲಿಸಿದೆವು. ಗಂಧದ ಕೊರಡು ಕೂಡಿಟ್ಟಿದ್ದ ಠಾಣೆಯ ಹಿಂದಿನ ಕೋಣೆಯಲ್ಲಿ ಅವನನ್ನು ಅಂಗಾತ ಮಲಗಿಸಿ, ಕಾಲೆತ್ತಿ ಬೆಂಚಿನ ಮೇಲಿಟ್ಟು, ಅಂಗಾಲಿಗೆ ಹೊಡೆದವರು ದಫೇದಾರರು. ಕಣಕಾಲು ಅದುಮಿ ಹಿಡಿದವನು ನಾನು. ಅವನು ಕೈದಿಯಲ್ಲ. ಯಾರೂ ಅವನನ್ನು ಹಿಡಿದು ತಂದಿರಲಿಲ್ಲ. ಏನೋ ಒಂದು ಮಾತು ಕೇಳಬೇಕಂತೆ, ಬಂದು ಹೋಗು ಎಂದು ನಾನೇ ಕರೆದಿದ್ದೆ. ನನ್ನ ಜೊತೆ ಬಸ್ಸು ಹತ್ತಿ ಬಂದಿದ್ದ. ಬರಬೇಕಾಗಿರಲಿಲ್ಲ. ಅದು ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಈ ವಯಸ್ಸಿನಲ್ಲಿ ಬರೆಯಲು ಕೂತಿರುವುದು ಇಷ್ಟಕ್ಕೇ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಸೊರಬದವನು. ಹೈಸ್ಕೂಲು ಮುಗಿಸಿ ಪೊಲೀಸು ಕೆಲಸಕ್ಕೆ ಸೇರಿದೆ. ಶಿಕಾರಿಪುರದ ಕಡೆ ಒಂದು ಠಾಣೆಗೆ ಹಾಕಿದರು. ಯಾವ ಠಾಣೆ ಎಂಬುದು ಬೇಡ. ಅಲ್ಲಿದ್ದವರು ಈಗ ಯಾರೂ ಇಲ್ಲ, ಅವರ ಮಕ್ಕಳು ಮೊಮ್ಮಕ್ಕಳು ಇದ್ದಾರೆ, ಅವರೇನೂ ಮಾಡಿಲ್ಲ. ಹೊಡೆತ ನನಗೆ ಹೊಸದಾಗಿರಲಿಲ್ಲ. ಮನೆಯಲ್ಲಿ ಅಪ್ಪ ಎತ್ತಿಗೆ ಹೊಡೆಯುವ ಬಾರುಕೋಲಿನಲ್ಲೇ ನಮಗೂ ಬಾರಿಸುತ್ತಿದ್ದ. ಶಾಲೆಯಲ್ಲಿ ಮೇಷ್ಟ್ರು ಕಿವಿ ಹಿಡಿದು ತಲೆಯನ್ನು ಗೋಡೆಗೆ ಕುಟ್ಟುತ್ತಿದ್ದರು. ಠಾಣೆಯಲ್ಲಿ ಅದೇ ಕೆಲಸಕ್ಕೆ ಸಂಬಳ ಇತ್ತು, ವ್ಯತ್ಯಾಸ ಅಷ್ಟೇ.

ಆ ಬೇಸಿಗೆಯಲ್ಲಿ ಗಂಧ ಕದಿಯಲು ಬಂದವರು ಕಾಡಿನ ಗಾರ್ಡೊಬ್ಬನನ್ನು ಕೊಡಲಿಯಿಂದ ಕಡಿದರು. ಹೆಣ ಹೊತ್ತು ತಂದವರಲ್ಲಿ ನಾನೂ ಒಬ್ಬ. ಕುತ್ತಿಗೆಗೆ ಬಿದ್ದ ಏಟು ಪೂರ್ತಿ ಕತ್ತರಿಸಿರಲಿಲ್ಲ. ನಾವು ಹೆಜ್ಜೆ ಹಾಕಿದಂತೆಲ್ಲ ತಲೆ ಒಂದು ಕಡೆಗೆ ವಾಲಿ, ಬಾಯಿಂದ ಕಟ್ಟಿರುವೆಗಳು ಹೊರಗೆ ಬರುತ್ತಿದ್ದವು. ಬಲಗೈಯ ಬೆರಳುಗಳು ತುಂಡಾಗಿದ್ದವು. ಏಟು ತಡೆಯಲು ಕೈ ಅಡ್ಡ ಹಿಡಿದಿರಬೇಕು. ಅವನು ನಮ್ಮ ಠಾಣೆಗೆ ಆಗಾಗ ಬಂದು ಎಲೆಯಡಿಕೆ ಹಾಕಿಕೊಂಡು ನಮ್ಮನ್ನು ನಗಿಸಿ ಹೋಗುತ್ತಿದ್ದವನು. ಅವನ ರಕ್ತ ನನ್ನ ಭುಜದ ಮೇಲೆ ಒಣಗಿ ಅಂಗಿ ಚರ್ಮಕ್ಕೆ ಅಂಟಿಕೊಂಡಿತ್ತು. ಕೊಂದವರು ಸಿಕ್ಕರೆ ನಾನೇ ಕಡಿಯುತ್ತೇನೆ ಅನ್ನಿಸುವಷ್ಟು ಸಿಟ್ಟಿತ್ತು. ಅದನ್ನು ಇಲ್ಲಿ ನೆಪವಾಗಿ ಹೇಳುತ್ತಿಲ್ಲ. ಸಿಟ್ಟು ಇದ್ದದ್ದು ನಿಜ.

ಸಾಹೇಬರು ಎಂದರೆ ನಮ್ಮ ಸಬ್ ಇನ್‌ಸ್ಪೆಕ್ಟರು. ಅವರಿಗೆ ಮೇಲಿನವರಿಂದ ದಿನವೂ ತಾಕೀತು ಬರುತ್ತಿತ್ತು. ಕಾಡಿನಂಚಿನ ಹಳ್ಳಿಗಳಲ್ಲಿ ಕೊಡಲಿ ಇಟ್ಟುಕೊಂಡವರೆಲ್ಲ ಒಂದೊಂದು ಸುತ್ತು ಪೆಟ್ಟು ತಿಂದರು. ಒಬ್ಬನ ದವಡೆ ಜರುಗಿತು. ಇನ್ನೊಬ್ಬ ಕಿವಿಯಲ್ಲಿ ರಕ್ತ ಬಂದು ಕೆಪ್ಪನಾದ. ಏನೂ ಹೊರಬರಲಿಲ್ಲ.

ಹೆಣದ ಹತ್ತಿರ ಕಳ್ಳರು ಬಿಟ್ಟು ಓಡಿದ್ದ ಗಂಧದ ತುಂಡುಗಳು ಸಿಕ್ಕಿದ್ದವು. ಒಂದು ದಿನ ಸಾಹೇಬರು ಒಂದು ತುಂಡನ್ನು ತಿರುಗಿಸಿ ನೋಡುತ್ತ, "ಇದರ ಸಿಪ್ಪೆ ಎಷ್ಟು ನಯವಾಗಿ ಕೆತ್ತಿ ತೆಗೆದಿದ್ದಾರೆ ನೋಡು, ಮರದ ಕೆಲಸ ಬಲ್ಲವರೇ ಇರಬೇಕು" ಎಂದರು. ಯಾರೂ ನನ್ನನ್ನು ಕೇಳಿರಲಿಲ್ಲ. ನಾನಾಗಿಯೇ ಬಾಯಿ ಹಾಕಿದೆ.

"ಸಾರ್, ಸೊರಬದಲ್ಲಿ ನಮ್ಮ ಬೀದಿಯಲ್ಲೇ ಒಬ್ಬ ಗುಡಿಗಾರ ಇದ್ದಾನೆ. ಗಂಧದಲ್ಲಿ ಗೊಂಬೆ, ಪೆಟ್ಟಿಗೆ ಎಲ್ಲ ಮಾಡ್ತಾನೆ. ಅವನಂಥ ಕೈ ಸುತ್ತ ಎಲ್ಲೂ ಇಲ್ಲ. ಗಂಧದ ಸುದ್ದಿ ಅವನ ಕಿವಿಗೆ ಬಿದ್ದಿರುತ್ತೆ."

ಸಾಹೇಬರ ಮುಖ ಅರಳಿತು. ಅವರಿಗೆ ಎರಡು ಯೋಚನೆ ಬಂದಿತ್ತು ಎಂದು ಆಮೇಲೆ ತಿಳಿಯಿತು. ಒಂದು ಕೇಸು. ಇನ್ನೊಂದು, ಮೇಲಧಿಕಾರಿಯೊಬ್ಬರ ಮನೆಯ ಮದುವೆಗೆ ಕೊಡಲು ಒಂದು ಗಂಧದ ಪೆಟ್ಟಿಗೆ ಮಾಡಿಸುವುದು.

"ಕರ್ಕೊಂಡು ಬಾ."

"ನೋಟೀಸು ಬರೀಲಾ ಸಾರ್?"

"ಬರೆದ್ರೆ ಬಂದವನು, ಹೋದವನು ಅಂತ ಒಂದು ಲೆಕ್ಕ ಆಗುತ್ತೆ. ಯಾಕೆ ಅದೆಲ್ಲ? ನಿನ್ನ ಊರಿನವನು. ಬಾ ಅಂದ್ರೆ ಬರ್ತಾನೆ."

ಇಲ್ಲಿ ಒಂದು ವಿಷಯ ಹೇಳಬೇಕು. ದಫೇದಾರಿಕೆಯ ಪರೀಕ್ಷೆಗೆ ಕೂರುವ ಆಸೆಯಿಂದ ನಾನು ಕಾನೂನು ಓದುತ್ತಿದ್ದೆ. ವಿಚಾರಣೆ ನಡೆಸುವ ಅಧಿಕಾರಿ ಯಾರನ್ನಾದರೂ ಠಾಣೆಗೆ ಬಾ ಎನ್ನಬೇಕಾದರೆ ಬರೆದ ಆಜ್ಞೆ ಬೇಕು. ಬಾಯಿಮಾತಿಗೆ ಯಾರೂ ಬರಬೇಕಾಗಿಲ್ಲ. ಮನಸ್ಸಿದ್ದು ಬಂದವನು ಮನಸ್ಸು ಬಂದಾಗ ಎದ್ದು ಹೋಗಬಹುದು. ನಿಲ್ಲಿಸಿಕೊಂಡರೆ ಅದು ಬಂಧನ, ಬಂಧನಕ್ಕೆ ಕಾರಣ ಹೇಳಬೇಕು, ಒಂದು ದಿನದೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ತನ್ನ ಮೇಲೇ ತಪ್ಪು ಹೊರಿಸುವ ಪ್ರಶ್ನೆಗೆ ಬಾಯಿ ಬಿಡಬೇಕಾಗಿಲ್ಲ. ಪೊಲೀಸರ ಮುಂದೆ ಹೇಳಿದ್ದಕ್ಕೆ ಸಹಿ ಹಾಕಬೇಕಾಗಿಲ್ಲ. ಇದೆಲ್ಲ ನನಗೆ ಬಾಯಿಪಾಠ ಇತ್ತು. ಕಾನೂನು ನನಗೆ ಪರೀಕ್ಷೆಯ ವಿಷಯ; ಅದು ನಾನು ಕರೆಯಲು ಹೋಗುವ ಮನುಷ್ಯನ ಸ್ವತ್ತು ಎಂದು ಒಂದು ದಿನವೂ ಅನ್ನಿಸಿರಲಿಲ್ಲ.

ಬೆಳಿಗ್ಗೆ ಹೊರಟಾಗ ದಫೇದಾರರು ಪಾಠ ಹೇಳಿದರು. ಅವರು ಬಯಲುಸೀಮೆ ಕಡೆಯವರು, ದೊಡ್ಡ ಗಂಟಲು, ಠಾಣೆಯಲ್ಲಿ ಕೂದಲು ನೆರೆಸಿದವರು.

"ಹಿಡಿಯೋದು ಬ್ಯಾರೆ, ಕರಿಯೋದು ಬ್ಯಾರೆ ತಿಳಕ. ಹಿಡಿದ್ರ ಕಾಯ್ದೆ ಬರ್ತತಿ. ಕರದ್ರ ಬರೇ ಮರ್ಯಾದಿ. ಡ್ರೆಸ್ ಹಾಕ್ಕಂಡ್ ಹೋಗಬ್ಯಾಡ. ಮನಿಗೆ ಹೋಗಿ ಮೊದ್ಲು ನೀರು ಕೇಳಿ ಕುಡಿ. ನೀರು ಕೊಟ್ಟ ಮನಿಯವರು ಆಮೇಲೆ ಒಲ್ಲೆ ಅನ್ನಂಗಿಲ್ಲ. ನಮ್ಮ ಮಂದಿಗೆ ಬೇಡಿ ಬೇಕಾಗಿಲ್ಲೋ ತಮ್ಮಾ, ಒಂದು ಚೊಂಬು ನೀರು ಸಾಕು."

ನಾನು ಪಂಚೆ ಉಟ್ಟು, ಬಿಳಿ ಅಂಗಿ ಹಾಕಿ ಸೊರಬದ ಬಸ್ಸು ಹತ್ತಿದೆ.

ಅವನನ್ನು ನಾನು ಅಣ್ಣ ಎನ್ನುತ್ತಿದ್ದೆ. ರಕ್ತ ಸಂಬಂಧವಲ್ಲ, ಎದುರುಮನೆ. ನಾನು ಹೋದಾಗ ಅಣ್ಣ ಜಗಲಿಯಲ್ಲಿ ಕೂತು ಗಂಧದ ತುಂಡಿನಲ್ಲಿ ಕೊಕ್ಕರೆ ತೆಗೆಯುತ್ತಿದ್ದ. ಗುಡವಿಯ ಕೆರೆಗೆ ಹೋಗಿ ಹಕ್ಕಿಗಳು ಕೂರುವುದು, ಏಳುವುದು ನೋಡಿ ಬಂದು ಮಾಡುವುದು ಅವನ ರೂಢಿ. ಗುಡಿಗಾರರು ಕೂರುವ ರೀತಿ ನೋಡಿದವರಿಗೆ ಗೊತ್ತು: ಮಂಡಿ ಅಗಲಿಸಿ ಕೂತು, ಮರವನ್ನು ಎರಡು ಅಂಗಾಲುಗಳ ನಡುವೆ ಸಿಕ್ಕಿಸಿಕೊಳ್ಳುತ್ತಾರೆ. ಒಂದು ಕೈಯಲ್ಲಿ ಉಳಿ, ಒಂದು ಕೈಯಲ್ಲಿ ಕೊಡತಿ. ಮರ ಹಿಡಿಯುವುದು, ತಿರುಗಿಸುವುದು, ಬಿಗಿ ಮಾಡುವುದು, ಸಡಿಲ ಬಿಡುವುದು ಎಲ್ಲ ಪಾದದ ಕೆಲಸ. ಅಣ್ಣನ ಕಾಲಿನ ಹೆಬ್ಬೆರಳು ಉಳಿದ ಬೆರಳುಗಳಿಂದ ದೂರ ಸರಿದು ಕೈಯ ಹೆಬ್ಬೆರಳಿನ ಹಾಗೇ ಆಡುತ್ತಿತ್ತು. ಚಿಕ್ಕಂದಿನಲ್ಲಿ ನಾವು ಅವನನ್ನು ನಾಲ್ಕು ಕೈಯಣ್ಣ ಎಂದು ಆಡಿಕೊಳ್ಳುತ್ತಿದ್ದೆವು. ಅವನು ಕಾಲಿನಿಂದಲೇ ಚಕ್ಕೆ ಎತ್ತಿ ನಮ್ಮತ್ತ ಎಸೆದು ಓಡಿಸುತ್ತಿದ್ದ.

"ಓಹೋ, ಪೊಲೀಸಿನೋರು! ಯಾರನ್ನ ಒಳಗೆ ಹಾಕಕ್ಕೆ ಬಂದ್ಯೋ?" ಎಂದು ನಕ್ಕ.

"ನಿನ್ನನ್ನೇ" ಎಂದು ನಾನೂ ನಕ್ಕೆ. ಆ ನಗೆ ಇನ್ನೂ ನನ್ನ ಬಾಯಲ್ಲಿದೆ.

ಅತ್ತಿಗೆ ಹೊರಗೆ ಬಂದರು. ನಾನು ನೀರು ಕೇಳಿದೆ. ಹಿತ್ತಾಳೆ ಚೊಂಬಿನಲ್ಲಿ ನೀರು, ಒಂದು ತುಂಡು ಬೆಲ್ಲ ತಂದಿಟ್ಟರು. ಪೂರ್ತಿ ಕುಡಿದೆ. ಬಾಯಾರಿಕೆ ಇರಲಿಲ್ಲ. ಆಮೇಲೆ ವಿಷಯ ಹೇಳಿದೆ: ಸಾಹೇಬರು ಗಂಧದ ಬಗ್ಗೆ ಒಂದೆರಡು ಮಾತು ಕೇಳಬೇಕಂತೆ, ಜೊತೆಗೆ ಒಂದು ಪೆಟ್ಟಿಗೆ ಮಾಡಿಸಬೇಕಂತೆ, ಸಂಜೆ ಬಸ್ಸಿಗೆ ನಾನೇ ಹತ್ತಿಸಿ ಕಳಿಸುತ್ತೇನೆ.

ಅಣ್ಣ ಆಗಲೇ ಮೈಮೇಲಿನ ಪುಡಿ ಕೊಡವಿಕೊಳ್ಳುತ್ತಿದ್ದ. ಅತ್ತಿಗೆ ಮಾತ್ರ ಹೊಸ್ತಿಲ ಮೇಲೆ ಅಡ್ಡ ನಿಂತರು.

"ಹೋಗ್ಲೇಬೇಕನಾ ತಮ್ಮ?"

ಬೇಕಾಗಿಲ್ಲ ಅತ್ತಿಗೆ ಎಂದರೆ ಮುಗಿಯುತ್ತಿತ್ತು.

"ಹಂಗೇನಿಲ್ಲ. ಆದ್ರೆ ಹೋಗದಿದ್ರೆ ಏನೋ ಇದೆ ಅಂತ ಅವರಿಗೆ ಅನುಮಾನ ಬರುತ್ತೆ ಅತ್ತಿಗೆ. ಇವತ್ತು ನಾ ಬಂದಿದೀನಿ. ನಾಳೆ ಬೇರೆ ಯಾರೋ ಬಂದ್ರೆ ಬೀದಿಯೋರೆಲ್ಲ ನೋಡ್ತಾರೆ."

"ನೀ ಇರ್ತೀಯಲ್ಲ ಅಲ್ಲಿ?"

"ಇರ್ತೀನಿ."

ಅದೊಂದು ಮಾತು ನಿಜವಾಯಿತು.

ಬಸ್ಸಿನಲ್ಲಿ ಅಣ್ಣ ಕಿಟಕಿಯ ಕಡೆ ಕೂತ. ಗಾರ್ಡಿನ ಕೊಲೆಯ ಬಗ್ಗೆ ಕೇಳುತ್ತಾರೆ ಎಂದಾಗ, "ಅಯ್ಯೋ, ಆವಾಗ ನಾ ಊರಲ್ಲೇ ಇರ್ಲಿಲ್ಲ ಮಾರಾಯ. ಚಂದ್ರಗುತ್ತಿಲಿ ದೇವಿ ಪಲ್ಲಕ್ಕಿ ರಿಪೇರಿ. ಅಲ್ಲೇ ಊಟ, ಅಲ್ಲೇ ನಿದ್ದೆ. ಅರ್ಧ ಊರು ನನ್ನ ನೋಡಿದೆ" ಎಂದ. ಶಿರಾಳಕೊಪ್ಪ ದಾಟಿದ ಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದ.

"ಹೋದ ಮಳೆಗಾಲಕ್ಕೆ ಮುಂಚೆ ಒಬ್ಳು ಸೌದೆ ಹೊರೆ ಹೊತ್ಕಂಡು ಬಂದಿದ್ಲು. ಹೊರೆ ಒಳಗೆ ಒಂದು ಗಂಧದ ತುಂಡು. ಸರ್ಕಾರಿ ಡಿಪೋದಿಂದ ತಂದಿದ್ದು ಮುಗಿದಿತ್ತು, ಆಸೆಗೆ ತಗಂಡೆ. ಪಾಪ, ಕಂಕುಳಲ್ಲಿ ಒಂದು ಕೂಸಿತ್ತು. ಅದನ್ನೂ ಹೇಳ್ಬೇಕನಾ?"

ಹೇಳಬೇಕಾಗಿರಲಿಲ್ಲ. ನಾನು ಹೇಳಿದ್ದು ಬೇರೆ. "ಇದ್ದದ್ದು ಇದ್ದಂಗೆ ಹೇಳ್ಬಿಡು ಅಣ್ಣ. ನಾನಿಲ್ವಾ?"

ಠಾಣೆಗೆ ಬಂದ ಕೂಡಲೆ ಅವನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ಒಳಗೆ ಹೋಗಿ ಸೌದೆಯ ಹೆಂಗಸಿನ ಸುದ್ದಿಯನ್ನು ಸಾಹೇಬರಿಗೆ ಹೇಳಿದೆ. ಚಂದ್ರಗುತ್ತಿಯ ಸುದ್ದಿ ಹೇಳಲಿಲ್ಲ. ಮರೆತೆ ಎಂದುಕೊಂಡು ಬಹಳ ಕಾಲ ಬದುಕಿದೆ. ಮರೆತಿರಲಿಲ್ಲ. ಅದನ್ನು ಹೇಳಿದ್ದರೆ ನಾನು ಕರೆತಂದವನು ಕೆಲಸಕ್ಕೆ ಬಾರದವನಾಗುತ್ತಿದ್ದ. ಸಾಹೇಬರ ಮುಂದೆ ನಾನೂ ಹಾಗೇ ಆಗುತ್ತಿದ್ದೆ.

ಮೊದಲು ಎಲ್ಲ ಮರ್ಯಾದೆಯಿಂದಲೇ ನಡೆಯಿತು. ಚಹಾ ತರಿಸಿದರು. "ಕೂತ್ಕೊಳ್ರೀ, ಕೂತ್ಕೊಳ್ರೀ. ನಿಮ್ಮ ಕೈ ಬಗ್ಗೆ ಇವನು ಬಹಳ ಹೇಳಿದಾನೆ" ಎಂದರು ಸಾಹೇಬರು. ಪೆಟ್ಟಿಗೆಯ ಅಳತೆ ಮಾತಾಡಿದರು. ಮುಚ್ಚಳದ ಮೇಲೆ ಆನೆ ಇರಲೋ ನವಿಲು ಇರಲೋ ಎಂದು ಅಣ್ಣ ಕೇಳಿದ. ನವಿಲೇ ಇರಲಿ ಎಂದರು. ಆಮೇಲೆ ಅದೇ ದನಿಯಲ್ಲಿ, "ಗಂಧ ತಂದು ಮಾರಿದ ಹೆಂಗಸು ಯಾವೂರವಳು?" ಎಂದರು.

ಅಣ್ಣ ತಿರುಗಿ ನನ್ನನ್ನು ನೋಡಿದ. ನಾನು ಗೋಡೆ ನೋಡಿದೆ.

"ಯಾವ ಹೆಂಗಸು ಸ್ವಾಮಿ?"

"ಅವಳ ಗಂಡನೋ ಅಣ್ಣನೋ ಗಾರ್ಡನ್ನ ಕಡಿದಿರಬೇಕು. ಅವಳು ಯಾರು ಹೇಳಿ, ಮನೆಗೆ ಹೋಗಿ."

"ನನಗೆ ಯಾರೂ ಗೊತ್ತಿಲ್ಲ ಸ್ವಾಮಿ." ಅಣ್ಣ ಎದ್ದು ನಿಂತ, ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡ. "ನಾ ಬರ್ತೀನಿ. ಬಸ್ಸಿನ ಹೊತ್ತಾಯ್ತು."

ಕಾನೂನು ಗೊತ್ತಿಲ್ಲದೆಯೇ ಅವನು ಕಾನೂನು ಹೇಳಿದ ಹಾಗೇ ಮಾಡಿದ್ದ. ಬಾಗಿಲ ತನಕ ನಡೆದೂ ಹೋದ. ದಫೇದಾರರು ಕೂತಲ್ಲಿಂದಲೇ ಕಾಲು ಚಾಚಿ ಬಾಗಿಲು ನೂಕಿದರು. ಅದು ಅವನ ಮೂಗಿನ ಮುಂದೆ ಮುಚ್ಚಿಕೊಂಡಿತು.

"ಎಲ್ಲಿಗೆ? ಇನ್ನೂ ಮಾತು ಮುಗದಿಲ್ಲ."

ಮೊದಲ ಪೆಟ್ಟು ಕೆನ್ನೆಗೆ. ಅಣ್ಣನಿಗೆ ಅದು ಏನೆಂದೇ ಅರ್ಥವಾಗಲಿಲ್ಲ. ಯಾರೋ ಕಾಲು ಜಾರಿ ಬಿದ್ದಾಗ ಕೈ ತಗುಲಿತೇನೋ ಎಂಬಂತೆ ದಫೇದಾರರ ಮುಖ ನೋಡಿದ. ಎರಡನೆಯದು ಹೊಟ್ಟೆಗೆ. ಕುಡಿದ ಚಹಾ ಕಾರಿಕೊಂಡ. ಸಾಹೇಬರು ಎದ್ದು ಹೊರಗೆ ಹೋಗುತ್ತ ಕೈಯ ಮಾತು ಹೇಳಿದ್ದು ಆಗಲೇ. "ಕೈ ಜೋಪಾನ. ಪೆಟ್ಟಿಗೆ ಆಗ್ಬೇಕು."

ಹಿಂದಿನ ಕೋಣೆಗೆ ಎಳೆದುಕೊಂಡು ಹೋಗಿ ಮಲಗಿಸಿದೆವು, ನಾನು ಕಣಕಾಲು ಹಿಡಿದೆ. ಮಧ್ಯಾಹ್ನದ ಬಿಸಿಲಿಗೆ ಹೆಂಚು ಕಾದು ಒಳಗೆಲ್ಲ ಗಂಧದ ವಾಸನೆ ತುಂಬಿತ್ತು. ದಫೇದಾರರು ಬಿದಿರಿನ ಲಾಠಿ ತೆಗೆದುಕೊಂಡು ಅಂಗಾಲು ಮುಟ್ಟಿ ನೋಡಿದರು. "ಅಬ್ಬಾ, ಏನ್ ದಪ್ಪ ಚರ್ಮ ಲೇ! ಎಮ್ಮಿ ತೊಗಲು!" ಎಂದರು. ಅಣ್ಣನಿಗೆ ಆಗ ತಿಳಿಯಿತು ಎಲ್ಲಿಗೆ ಹೊಡೆಯುತ್ತಾರೆಂದು. ಅಲ್ಲಿಯವರೆಗೆ ಅತ್ತಿರಲಿಲ್ಲ. ಈಗ ಎರಡೂ ಕೈ ಮುಂದಕ್ಕೆ ಚಾಚಿದ.

"ಕೈಗೆ ಹೊಡೀರಿ ಸ್ವಾಮಿ! ದಮ್ಮಯ್ಯ, ಕೈಗೆ ಹೊಡೀರಿ. ಕಾಲು ಬೇಡ."

ದಫೇದಾರರು ನಕ್ಕುಬಿಟ್ಟರು. "ಕೇಳಿದೇನ್ಲೇ ಇವನ ಮಾತು? ಕೈಗೆ ಬಾಸುಂಡಿ ಬಂದ್ರ ನಾಳೆ ಊರಿಗೆಲ್ಲ ತೋರ್ಸಬೋದು ಅಂತ. ಕಳ್ಳನ ಬುದ್ಧಿ! ಕಾಲಿಗಾದ್ರ ಯಾರಿಗೆ ತೋರಸ್ತಾನ?"

ಅವರಿಗೆ ಗೊತ್ತಿರಲಿಲ್ಲ. ಕೆತ್ತುವವನ ಜೀವ ಕೈಯಲ್ಲಿದೆ ಎಂದು ಅವರೂ ತಿಳಿದಿದ್ದರು, ಸಾಹೇಬರೂ ತಿಳಿದಿದ್ದರು. ನನಗೆ ಅರ್ಥವಾಯಿತು. ಅಣ್ಣ ಆ ಮಾತು ಹೇಳಿದ್ದು ದಫೇದಾರರಿಗಲ್ಲ. ಅವನ ಕಣ್ಣು ನನ್ನ ಮೇಲಿತ್ತು. ಆ ಕೋಣೆಯಲ್ಲಿ ಅದನ್ನು ತಿಳಿಯಬಲ್ಲವನು ನಾನೊಬ್ಬನೇ. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಏನಾಗುತ್ತಿತ್ತು? ಬಹುಶಃ ಬೆನ್ನಿಗೆ ಹೊಡೆಯುತ್ತಿದ್ದರು. ಬೆನ್ನು ವಾಸಿಯಾಗುತ್ತಿತ್ತು.

ಲಾಠಿ ಬೀಳುವ ಸದ್ದು ಮೊದಲು ಒಣಗಿತ್ತು, ಆಮೇಲೆ ಹಸಿಯಾಯಿತು. ಅವನ ಕೂಗು ಬೇರೆ ಬೇರೆ ಆಗುತ್ತ ಹೋಯಿತು. ಮೊದಲು ದೇವರ ಹೆಸರು, ಆಮೇಲೆ ಅಮ್ಮ, ಆಮೇಲೆ ಮಾತೇ ಅಲ್ಲದ ಒಂದು ದನಿ. ಚರ್ಮ ಒಡೆಯಿತು. ಹೆಬ್ಬೆರಳ ಬುಡದಲ್ಲಿ ಏನೋ ಮುರಿದದ್ದು ನನ್ನ ಅಂಗೈಗೆ ತಿಳಿಯಿತು. ದಫೇದಾರರು ಬೆವರು ಒರೆಸಿಕೊಳ್ಳಲು ನಿಂತಾಗ ನೆಲಕ್ಕೆ ಉಪ್ಪುನೀರು ಸುರಿದು ಅದರ ಮೇಲೆ ನಡೆಸಿದೆವು. ನಡೆಸಿದರೆ ಊತ ಇಳಿಯುತ್ತದೆ, ಗುರುತು ಉಳಿಯುವುದಿಲ್ಲ ಎಂಬುದು ಠಾಣೆಯ ವಾಡಿಕೆ. ನನ್ನ ಹೆಗಲು ಹಿಡಿದು ನಡೆದ. ಗಾರ್ಡಿನ ಹೆಣ ಹೊತ್ತ ಅದೇ ಹೆಗಲು.

ಮತ್ತೆ ಮಲಗಿಸಿದಾಗ ಅವನು ಎಲ್ಲವನ್ನೂ ಒಪ್ಪಿಕೊಂಡ.

"ಹೌದು ಸ್ವಾಮಿ, ನಾನೇ. ಗಂಧ ನಾನೇ ಕಡಿದೆ. ಗಾರ್ಡನ್ನೂ ನಾನೇ ಕಡಿದೆ. ಹೆಂಗಸು ಯಾರೂ ಇಲ್ಲ. ನಾನೊಬ್ನೇ."

ದಫೇದಾರರು ಗೆದ್ದವರಂತೆ ಸಾಹೇಬರನ್ನು ಕೂಗಿದರು. ಸಾಹೇಬರು ಬಂದು, ಯಾವ ಕೊಡಲಿ, ಎಲ್ಲಿ ಹೊಡೆದೆ, ಎಷ್ಟು ಜನ ಎಂದು ಕೇಳತೊಡಗಿದರು. ಅಣ್ಣ ಎಲ್ಲಕ್ಕೂ ಹೌದು ಎಂದ. ಎದೆಗೆ ಹೊಡೆದೆಯಾ? ಹೌದು. ಹೊಟ್ಟೆಗಾ? ಹೌದು. ಆಗ ನನಗೆ ಹೆದರಿಕೆಯಾಯಿತು. ಇದು ನೇಣಿನವರೆಗೆ ಹೋಗಬಹುದು ಎನ್ನಿಸಿ ಬಾಯಿ ಬಿಟ್ಟೆ.

"ಸಾರ್, ಕೊಲೆ ಆದಾಗ ಅವನು ಚಂದ್ರಗುತ್ತಿಯಲ್ಲಿ ಪಲ್ಲಕ್ಕಿ ಕೆಲಸಕ್ಕಿದ್ದ. ನೋಡಿದವರು ಬಹಳ ಜನ ಇದ್ದಾರೆ."

"ಯಾರು ಹೇಳಿದ್ದು?"

"ಬಸ್ಸಲ್ಲಿ ಅವನೇ ಹೇಳಿದ."

ಸಾಹೇಬರು ನನ್ನ ಕೆನ್ನೆಗೆ ಬಾರಿಸಿದ ಏಟಿಗೆ ನನ್ನ ತುಟಿ ಸೀಳಿತು. "ಈಗ ಹೇಳ್ತೀಯೇನೋ ಬೇವರ್ಸಿ?" ಎಂದರು. ಆ ಕೋಣೆಯಲ್ಲಿ ಆ ದಿನ ಬಿದ್ದ ಹೊಡೆತಗಳಲ್ಲಿ ನ್ಯಾಯವಾದದ್ದು ಅದೊಂದೇ. ಅಣ್ಣ ನೆಲದ ಮೇಲೆ ಬಿದ್ದಿದ್ದ. ಚಂದ್ರಗುತ್ತಿಯ ಮಾತನ್ನು ನಾನು ಬೆಳಿಗ್ಗೆಯಿಂದ ನುಂಗಿಕೊಂಡಿದ್ದೆ ಎಂದು ಆಗ ಅವನಿಗೂ ತಿಳಿಯಿತು.

ನೋಡಿದವರು ಅಷ್ಟು ಜನ ಇದ್ದ ಮೇಲೆ ಆ ಒಪ್ಪಿಗೆ ಕೆಲಸಕ್ಕೆ ಬಾರದ್ದಾಯಿತು. ಆದರೂ ಆ ರಾತ್ರಿ ಅವನನ್ನು ಅಲ್ಲೇ ಉಳಿಸಿಕೊಂಡರು. ನಡೆಯುವ ಸ್ಥಿತಿಯಲ್ಲಿ ಇರಲಿಲ್ಲ, ಕಳಿಸಿದರೆ ಊರೆಲ್ಲ ನೋಡುತ್ತದೆ ಎಂಬ ಯೋಚನೆ. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಅತ್ತಿಗೆ ಬಂದರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಠಾಣೆಯ ಮೆಟ್ಟಿಲ ಕೆಳಗೆ ನಿಂತರು.

"ನಮ್ಮನೆಯವರು ಎಲ್ಲಿ?"

ದಫೇದಾರರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ಒಳಗ ಅದಾರ ಬಿಡವ್ವಾ. ಸಾಹೇಬ್ರು ಬರ್ಲಿ, ಮಾತಾಡಿ ಬಿಡ್ತಾರ."

"ಬಿಡೋದು ಅಂದ್ರೆ? ಹಿಡಿದೀರಾ?"

"ಏ, ಹಿಡದಿಲ್ಲವ್ವಾ. ಅವರಾಗೇ ಬಂದಿದ್ದು."

"ಹಿಡಿದಿಲ್ಲ ಅಂದ್ಮೇಲೆ ಬಿಡೋದು ಎಂಥದು? ಕರೀರಿ, ಬರ್ತಾರೆ." ದಫೇದಾರರು ಉತ್ತರ ಕೊಡುವ ಮೊದಲೇ ಅತ್ತಿಗೆ ಬೀದಿಗೆಲ್ಲ ಕೇಳುವಂತೆ ಕೂಗಿದರು. "ಬರ್ರೀ ಹೊರಗೆ! ನಿಮ್ಮನ್ನ ಯಾರೂ ಹಿಡಿದಿಲ್ಲಂತೆ!"

ಸಂತೆಗೆ ಹೋಗುತ್ತಿದ್ದವರು ಒಬ್ಬೊಬ್ಬರೇ ನಿಂತರು. ದಫೇದಾರರ ಕೈಯಲ್ಲಿದ್ದ ಎಲೆ ಹಾಗೇ ಉಳಿಯಿತು. ಒಳಗಿನ ಕತ್ತಲೆಯಿಂದ ಅಣ್ಣ ಹೊರಗೆ ಬಂದ. ಮಂಡಿ ಮತ್ತು ಕೈ ಊರಿಕೊಂಡು, ಪಾದ ನೆಲಕ್ಕೆ ತಾಗದಂತೆ ಹಿಂದಕ್ಕೆ ಎತ್ತಿಕೊಂಡು, ಕೂಸು ಅಂಬೆಗಾಲಿಕ್ಕಿದ ಹಾಗೆ. ಅತ್ತಿಗೆಯ ಕಣ್ಣು ಮೊದಲು ಹೋದದ್ದು ಅವನ ಮುಖದ ಕಡೆಗಲ್ಲ. ಪಾದದ ಕಡೆಗೆ. ಅವರ ಗಂಟಲಿನಿಂದ ಬಂದ ದನಿಯನ್ನು ನಾನು ಬರೆಯಲಾರೆ.

ಅತ್ತು ಮುಗಿಸುವ ಹೊತ್ತಲ್ಲ ಅದು. ಅವರು ಸೆರಗು ಹರಿದು ಪಾದಕ್ಕೆ ಸುತ್ತಿದರು. ನನ್ನ ಕಡೆ ನೋಡದೆ, "ಸೈಕಲ್ ಇದ್ರೆ ತಾ" ಎಂದರು. ಠಾಣೆಯ ಸೈಕಲ್ಲಿನ ಕ್ಯಾರಿಯರ್ ಮೇಲೆ ಅಣ್ಣನನ್ನು ಕೂರಿಸಿ ಬಸ್ಸಿನ ಕಡೆ ತಳ್ಳಿಕೊಂಡು ಹೋದೆ. ಅರ್ಧ ದಾರಿಯಲ್ಲಿ ಅಣ್ಣ ಕೇಳಿದ.

"ಕೈಗೆ ಹೊಡೀರಿ ಅಂದಿದ್ದು ನಿಂಗೂ ತಿಳೀಲಿಲ್ಲನಾ?"

"ತಿಳೀಲಿಲ್ಲ ಅಣ್ಣ" ಎಂದೆ.



ಗಾರ್ಡನ್ನು ಕೊಂದವರು ಆಮೇಲೆ ಎಲ್ಲೋ ದೂರದಲ್ಲಿ ಬೇರೊಂದು ಕಳ್ಳತನದಲ್ಲಿ ಸಿಕ್ಕರು. ಸೊರಬಕ್ಕೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ಸೌದೆಯ ಹೆಂಗಸು ಯಾರೆಂದು ಯಾರಿಗೂ ತಿಳಿಯಲಿಲ್ಲ. ಪೆಟ್ಟಿಗೆಯ ಮಾತನ್ನು ಸಾಹೇಬರು ಎತ್ತಲಿಲ್ಲ. ದೂರು ಕೊಡಲು ಅಣ್ಣನಿಗೆ ಯಾರೋ ಹೇಳಿದರಂತೆ. ಠಾಣೆಯಲ್ಲಿ ಇದ್ದದ್ದಕ್ಕೇ ಬರೆದ ಗುರುತಿಲ್ಲ, ಏನೆಂದು ದೂರು ಕೊಡುವುದು? ಅವನನ್ನು ಹಿಡಿದಿರಲೇ ಇಲ್ಲವಲ್ಲ.

ಅಣ್ಣನ ಕೈ ಹಾಗೇ ಉಳಿಯಿತು. ಪಾದ ಮೊಂಡಾಯಿತು. ಬಲಗಾಲಿನ ಹೆಬ್ಬೆರಳು ಮೇಲಕ್ಕೆ ಸೆಟೆದು ನಿಂತುಬಿಟ್ಟಿತು. ಮರವನ್ನು ಹಲಗೆಗೆ ಕಟ್ಟಿ ಕೊರೆಯಲು ನೋಡಿದನಂತೆ, ಮೊಣಕಾಲಿನಲ್ಲಿ ಒತ್ತಿ ನೋಡಿದನಂತೆ. ಕಟ್ಟಿದ ಮರ ಹೆಣ ಇದ್ದಂಗೆ, ತಿರುಗು ಅಂದ್ರೆ ತಿರುಗಲ್ಲ ಎಂದು ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಎಸೆದನಂತೆ. 'ಅಂತೆ' ಎನ್ನುತ್ತಿರುವುದು ನಾನು ಆ ಬೀದಿಯಲ್ಲಿ ತಲೆಯೆತ್ತಿ ನಡೆಯುವುದನ್ನು ಬಿಟ್ಟಿದ್ದರಿಂದ. ಆಮೇಲೆ ಅವನು ಬೆಂಡಿನ ಕೆಲಸ ಹಿಡಿದ. ಮದುವೆಯಲ್ಲಿ ಹಣೆಗೆ ಕಟ್ಟುವ ಬಾಸಿಂಗ, ಬೆಂಡಿನ ಹೂವು. ಅದಕ್ಕೆ ಕೈ ಸಾಕು. ನಮ್ಮ ಕಡೆ ಬಾಸಿಂಗ ಗುಡಿಗಾರರ ಮನೆಯಿಂದಲೇ ಬರಬೇಕು. ನನ್ನ ಮದುವೆಗೆ ಅಪ್ಪ ತಂದದ್ದು ಅಣ್ಣ ಮಾಡಿದ್ದನ್ನೇ. ಅದನ್ನು ಹಣೆಗೆ ಕಟ್ಟಿಕೊಂಡು ಹಸೆಮಣೆ ಮೇಲೆ ಕೂತಿದ್ದೆ.

ನಾನು ಕೆಲಸ ಬಿಡಲಿಲ್ಲ. ದಫೇದಾರನೂ ಆದೆ. ಹೊಡೆಯುವ ಕೋಣೆಯಿಂದ ದೂರ ಇರುವುದನ್ನು ಕಲಿತೆ, ತಡೆಯುವುದನ್ನು ಕಲಿಯಲಿಲ್ಲ. ಬಾಯಿಮಾತಿನಲ್ಲಿ ಜನರನ್ನು ಕರೆತರುವ ಕೆಲಸಕ್ಕೆ ಪೇದೆಗಳನ್ನು ನಾನೂ ಕಳಿಸಿದ್ದೇನೆ. ನೀರು ಕೇಳಿ ಕುಡಿಯಿರಿ ಎಂಬ ಪಾಠವನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಅದೂ ಒಂದು ಪುಣ್ಯ ಎಂದುಕೊಳ್ಳುತ್ತಿದ್ದೆ.

ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ಒಂದು ಮಧ್ಯಾಹ್ನ ಎದುರುಮನೆಯ ಜಗಲಿ ಹತ್ತಿದೆ. ಅಣ್ಣ ಕಾಲು ಚಾಚಿ ಕೂತು ಬೆಂಡು ಸೀಳುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೂರು ಎಂದ. ಅತ್ತಿಗೆ ಒಳಗಿನಿಂದ ಬಂದು, ಯಾರೆಂದು ನೋಡಿ, ಒಂದು ಗಳಿಗೆ ನಿಂತು, ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ನನ್ನ ಪಕ್ಕ ಇಟ್ಟರು. ಮನೆಗೆ ಬಂದವರಿಗೆ ನೀರು ಕೊಡದೆ ಇರುವ ಮನೆಯಲ್ಲ ಅದು.

"ಅಣ್ಣ, ಅವತ್ತು ಸೈಕಲ್ ಮೇಲೆ ನೀ ಕೇಳಿದ್ದೆ. ತಿಳೀಲಿಲ್ಲ ಅಂದಿದ್ದೆ. ಸುಳ್ಳು. ತಿಳಿದಿತ್ತು."

ಅಣ್ಣ ಬೆಂಡಿನಿಂದ ಕಣ್ಣೆತ್ತಲಿಲ್ಲ.

"ಗೊತ್ತು. ನನ್ನ ಕಾಲು ಹಿಡಿದಿದ್ದೆಯಲ್ಲ. ಕೈಗೆ ಹೊಡೀರಿ ಅಂದಾಗ ನಿನ್ನ ಹಿಡಿತ ಸಡಿಲ ಆಯ್ತು. ಸಡಿಲ ಆಗಿ ಮತ್ತೆ ಬಿಗಿ ಆಯ್ತು. ನನ್ನ ಕಾಲಿಗೆ ಅಷ್ಟು ತಿಳಿಯದೆ ಇರ್ತದನಾ?"

ನನ್ನ ಕೈ ಸಡಿಲವಾದದ್ದು ನನಗೇ ಗೊತ್ತಿರಲಿಲ್ಲ. ಅಷ್ಟು ವರ್ಷ ನಾನು ಹೊತ್ತು ತಿರುಗಿದ ಗುಟ್ಟು ಅವನ ಬಳಿ ಮೊದಲ ದಿನದಿಂದಲೇ ಇತ್ತು. ಸೈಕಲ್ ಮೇಲೆ ಅವನು ಕೇಳಿದ್ದು ತಿಳಿದುಕೊಳ್ಳಲು ಅಲ್ಲ. ನನಗೆ ಒಂದು ಅವಕಾಶ ಕೊಡಲು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲ ಎನ್ನಿಸಿ ಉಳಿದದ್ದನ್ನೂ ಹೇಳಿದೆ.

"ಇನ್ನೊಂದಿದೆ. ಅವತ್ತು ನೀನು ಬರಬೇಕಾಗಿರಲಿಲ್ಲ ಅಣ್ಣ. ಬರೆದ ಆರ್ಡರು ಇಲ್ಲದೆ ಕರೆದ್ರೆ ಬರಲ್ಲ ಅನ್ನಬಹುದಿತ್ತು. ಅಂದಿದ್ರೆ ನಾನು ಸುಮ್ಮನೆ ವಾಪಸ್ಸು ಹೋಗಬೇಕಿತ್ತು. ಅದು ಕಾನೂನು. ನನಗೆ ಗೊತ್ತಿತ್ತು."

ಬೆಂಡು ಸೀಳುತ್ತಿದ್ದ ಚೂರಿ ನಿಂತಿತು. ಇದು ಅವನಿಗೆ ಗೊತ್ತಿರಲಿಲ್ಲ. ಏಟನ್ನು ಅವನು ವಿಧಿ ಎಂದು ನುಂಗಿಕೊಂಡಿದ್ದ. ಸರ್ಕಾರ ಕರೆದರೆ ಹೋಗಲೇಬೇಕು, ಹೋದದ್ದಕ್ಕೆ ಹೀಗಾಯಿತು ಎಂದು. ಅವನ ಮುಖ ನಿಧಾನವಾಗಿ ಬದಲಾಯಿತು. ಆ ಹಿಂದಿನ ಕೋಣೆಯಲ್ಲಿಯೂ ಆ ಮುಖ ನಾನು ನೋಡಿರಲಿಲ್ಲ. ತನ್ನ ಪಾದಗಳನ್ನೇ ನೋಡುತ್ತ ಕೂತ.

ಅತ್ತಿಗೆ ಹೊಸ್ತಿಲಿಗೆ ಬಂದರು. ಅದೇ ಹೊಸ್ತಿಲು.

"ಏನಂದೆ?"

ಅವರು ಕೇಳಿಸಿಕೊಂಡಿದ್ದರು.

"ನಾ ಕೇಳಿದ್ದೆ. ಇಲ್ಲೇ ನಿಂತ್ಕಂಡು ನಿನ್ನ ಬಾಯಿಬಿಟ್ಟು ಕೇಳಿದ್ದೆ, ಹೋಗ್ಲೇಬೇಕನಾ ಅಂತ."

"ಹೌದು ಅತ್ತಿಗೆ."

ಅವರು ಬೈಯಲಿಲ್ಲ. ಬಗ್ಗಿ, ನನ್ನ ಪಕ್ಕದಲ್ಲಿದ್ದ ಚೊಂಬನ್ನು ಎತ್ತಿಕೊಂಡು, ನೀರನ್ನು ಅಂಗಳಕ್ಕೆ ಚೆಲ್ಲಿ ಒಳಗೆ ಹೋದರು. ನಾನಿನ್ನೂ ಕುಡಿದಿರಲಿಲ್ಲ.